ರಕ್ತ ತೆಳು ಮಾಡುವ ಇಂಜೆಕ್ಷನ್ನು ಮತ್ತು ನಮ್ಮ ನೀಲಕ್ಕ

ಟಕ್.

ಇಷ್ಟೇ ಶಬ್ದ. ಬಾಲ್‌ಪೆನ್ನಿನ ತಲೆ ಒತ್ತಿದಾಗ ಬರುವುದಕ್ಕಿಂತ ಒಂದಿಷ್ಟು ಗಟ್ಟಿ, ಟೈಪ್‌ರೈಟರಿನ ಕೀ ಕಾಗದಕ್ಕೆ ಬಡಿಯುವುದಕ್ಕಿಂತ ಮೆದು. ಒಂಬತ್ತು ವರ್ಷದ ಹಿಂದೆ ದಿನಕ್ಕೆರಡು ಸಲ ನನ್ನ ಹೊಟ್ಟೆಗೆ ಚುಚ್ಚುತ್ತಿದ್ದ ಇಂಜೆಕ್ಷನ್ನಿನ ಸದ್ದು ಅದು. ಸಿರಿಂಜಿನಲ್ಲಿ ಔಷಧಿ ಮೊದಲೇ ತುಂಬಿ ಬರುತ್ತಿತ್ತು. ಪೂರ್ತಿ ಒತ್ತಿ, ಸೂಜಿ ಹೊರಗೆ ತೆಗೆದು, ಹಿಂಬದಿಯನ್ನು ಇನ್ನೊಮ್ಮೆ ಬಲವಾಗಿ ಅದುಮಿದರೆ ಪ್ಲಾಸ್ಟಿಕ್ಕಿನ ಕೊಳವೆಯೊಂದು ಜಾರಿ ಬಂದು ಸೂಜಿಯನ್ನು ಮುಚ್ಚಿಕೊಳ್ಳುತ್ತಿತ್ತು. ಆಗ ಟಕ್. ಸಿರಿಂಜು ಖಾಲಿಯಾಗದೆ ಆ ಸದ್ದು ಬರುವುದಿಲ್ಲ. "ಟಕ್ ಕೇಳಿದ್ರೆ ಫುಲ್ ಡೋಸ್ ಹೋಯ್ತು ಅಂತ ಅಮ್ಮಾ," ಎಂದು ಆಸ್ಪತ್ರೆಯ ಕೇರಳದ ನರ್ಸ್ ನಮಗೆ ಹೇಳಿಕೊಟ್ಟಿದ್ದಳು.

ಆಸ್ಪತ್ರೆಯಲ್ಲಿ ಆ ಟಕ್ ನನ್ನ ಮಗ್ಗುಲಲ್ಲೇ ಕೇಳುತ್ತಿತ್ತು. ಕೊಪ್ಪಕ್ಕೆ ಬಂದು ಕೆಲವು ದಿನಗಳಾದ ಮೇಲೆ ಅದು ಹಿತ್ತಿಲಿನಿಂದ ಕೇಳತೊಡಗಿತು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಮಹಡಿಯ ಮೇಲೆ, ಇಪ್ಪತ್ತೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು ನಾನು. ಹನ್ನೆರಡು ಮೆಷಿನ್ನುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ಯಾವ ಮೂಲೆಯಲ್ಲಿ ಯಾರ ಕಿರುಬೆರಳು ತಪ್ಪಿತು ಎಂದು ಕಣ್ಣೆತ್ತದೆ ಹೇಳುತ್ತಿದ್ದ ಕಿವಿ ನನ್ನದು. ಆ ಕಿವಿಗೆ ಟಕ್ ದೂರ ಹೋದದ್ದು ಗೊತ್ತಾಯಿತು. ಯಾಕೆ ದೂರ ಹೋಯಿತು ಎಂದು ಕೇಳಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಹೊಟ್ಟೆನೋವು ನನಗೆ ಕಾನ್ವೆಂಟಿನ ಹಾಸ್ಟೆಲಿನಲ್ಲೇ ಶುರುವಾಗಿತ್ತು. ಊಟವಾದ ಅರ್ಧ ಗಂಟೆಗೆ ಬೆನ್ನಿನವರೆಗೂ ಚುಚ್ಚುವ ನೋವು. ಸಿಸ್ಟರ್ ಒಬ್ಬರು ಪೆಪ್ಪರ್‌ಮಿಂಟ್ ನೀರು ಕುಡಿಸಿ, "ಆಫರ್ ಇಟ್ ಅಪ್, ಚೈಲ್ಡ್," ಎನ್ನುತ್ತಿದ್ದರು. ನೋವನ್ನು ದೇವರಿಗೆ ಒಪ್ಪಿಸಿಬಿಡು ಅಂತ. ನಾನು ಲಿಂಗಾಯತರ ಹುಡುಗಿ, ಯಾವ ದೇವರಿಗೆ ಒಪ್ಪಿಸುವುದು ಎಂದು ತಿಳಿಯದೆ ಮಂಡಿಯನ್ನು ಹೊಟ್ಟೆಗೊತ್ತಿಕೊಂಡು ಮಲಗುತ್ತಿದ್ದೆ. ಆಮೇಲೆ ಅದನ್ನು ಪಿತ್ತ ಅಂದರು, ಗ್ಯಾಸ್ ಅಂದರು. ಮದುವೆಯಾಗಿ ಮಕ್ಕಳಾಗದಿದ್ದಾಗ ಅದಕ್ಕೂ ಇದಕ್ಕೂ ಗಂಟು ಹಾಕಿದರು. ನಲವತ್ತು ದಾಟಿದ ಮೇಲೆ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್ ತುಂಬ ಕಲ್ಲುಗಳಿವೆ ಎಂದು ಗೊತ್ತಾಯಿತು. ಮೇದೋಜೀರಕ ಗ್ರಂಥಿ ಅಂತ ಅದಕ್ಕೆ ಕನ್ನಡ ಹೆಸರು. ನಮ್ಮ ಕಡೆ ಆ ಹೆಸರಿನ ಅಂಗವೊಂದು ಹೊಟ್ಟೆಯಲ್ಲಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ಕಾನ್ವೆಂಟಿಗೆ ಹೋಗಬೇಕಾದವಳು ನಾನಲ್ಲ, ನೀಲಕ್ಕ. ನರಸಿಂಹರಾಜಪುರದಲ್ಲಿ, ಅಂದರೆ ಎನ್.ಆರ್.ಪುರದಲ್ಲಿ, ನಮ್ಮಪ್ಪನ ಬಟ್ಟೆ ಅಂಗಡಿ. ಅಮ್ಮನಿಗೆ ಸೊಂಟ ಹಿಡಿದಿತ್ತು, ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ಇರಲೇಬೇಕಿತ್ತು. ಏಳನೇ ಕ್ಲಾಸು ಮುಗಿಸಿದ್ದ ಅಕ್ಕ, "ಸುಮಿ ಹೋಗ್ಲಿ ಬಿಡಪ್ಪ. ನಂಗೆ ಹೆಂಗೂ ಅಡುಗೆ ಬರುತ್ತೆ, ಅದುಕ್ಕೆ ಅದೂ ಬರಲ್ಲ," ಎಂದಳಂತೆ. ನನ್ನ ಟ್ರಂಕಿಗೆ ಬಟ್ಟೆ ಮಡಚಿ ಇಟ್ಟವಳೂ ಅವಳೇ. ಹೀಗೆ ಇಂಗ್ಲಿಷು ನನ್ನ ಪಾಲಿಗೆ ಬಂತು. ಅದನ್ನು ನಾನು ಒಡವೆಯ ಹಾಗೆ ಹಾಕಿಕೊಂಡು ತಿರುಗಿದೆ. ಸುಳ್ಳು ಯಾಕೆ ಹೇಳಲಿ.

ಟೈಪಿಂಗ್ ಕಲಿಯುವವರು ಕಡಿಮೆಯಾದ ಮೇಲೂ ಜನ ಮಹಡಿ ಹತ್ತಿ ಬರುತ್ತಿದ್ದರು. ಕಿಗ್ಗ, ಬೇಗಾರು, ಜಯಪುರ, ಎಲ್ಲ ಕಡೆಯಿಂದಲೂ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಂಗಳೂರಿನದೋ ಮಣಿಪಾಲದದೋ ಡಿಸ್ಚಾರ್ಜ್ ಸಮ್ಮರಿ. "ಟೀಚರ್, ಇದ್ರಲ್ಲಿ ಎಂತ ಬರ್ದಿದಾರೆ ಸ್ವಲ್ಪ ಓದಿ ಹೇಳಿ." ನಾನು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಒಂದು ಅಕ್ಷರ ತಪ್ಪಿದರೆ ವಿದ್ಯಾರ್ಥಿಗಳಿಂದ ಇಡೀ ಹಾಳೆ ಹರಿಸಿ ಮತ್ತೆ ಟೈಪ್ ಮಾಡಿಸುತ್ತಿದ್ದವಳು, ಆ ಕನ್ನಡದಲ್ಲಿ ತಪ್ಪಿದ್ದರೆ ಹಾಳೆ ಹರಿಯುವವರು ಯಾರು ಎಂದು ಯೋಚಿಸಿರಲಿಲ್ಲ.

ಅರವತ್ತು ದಾಟುವ ಹೊತ್ತಿಗೆ ನಾನು ಗಂಜಿಯನ್ನೂ ಹೆದರಿ ಹೆದರಿ ಕುಡಿಯುತ್ತಿದ್ದೆ. ಸ್ಟೆಂಟ್ ಹಾಕಿದ್ದಾಯಿತು, ಕಲ್ಲು ಒಡೆಸಿದ್ದಾಯಿತು. ಕೊನೆಗೆ ಯಾರೋ ಹೇಳಿದರೆಂದು ದೂರದ ದೊಡ್ಡ ಊರಿನ ಒಂದು ಆಸ್ಪತ್ರೆಗೆ ಹೋದೆವು. ನಾನು, ನಮ್ಮ ಮನೆಯವರು ಮಹೇಶಪ್ಪ, ನೀಲಕ್ಕ. ಅಕ್ಕನ ಯಜಮಾನರು ಆಗಲೇ ತೀರಿಕೊಂಡಿದ್ದರು. "ನಾ ಬರ್ತೀನಿ, ಆಸ್ಪತ್ರೆ ಅಂದ್ರೆ ಹೆಂಗಸರು ಬೇಕು," ಎಂದು ಕರೆಯುವ ಮೊದಲೇ ಚೀಲ ಹಿಡಿದು ನಿಂತಿದ್ದಳು.

ವೈಟಿಂಗ್ ರೂಮಿನಲ್ಲಿ ಸಾಲಾಗಿ ಸ್ಟೀಲ್ ಕುರ್ಚಿಗಳು. ಎದುರಿಗೆ ಟೋಕನ್ ನಂಬರ್ ತೋರಿಸುವ ಟಿವಿ. ನಮ್ಮದು ನಲವತ್ತೊಂದು. ಮೂರು ಗಂಟೆ ಕೂತರೂ ಹತ್ತೊಂಬತ್ತು ದಾಟಲಿಲ್ಲ. ಅಕ್ಕ ಸೆರಗಿನ ಮರೆಯಲ್ಲಿ ನನ್ನ ಬೆನ್ನು ಉಜ್ಜುತ್ತಲೇ ಇದ್ದಳು. ಪಕ್ಕದ ಕುರ್ಚಿಯ ಹೆಂಗಸು ಹಿಂದಿಯಲ್ಲಿ ಏನೋ ಕೇಳಿದರೆ ಅಕ್ಕ ಕನ್ನಡದಲ್ಲೇ ಉತ್ತರ ಕೊಟ್ಟಳು. ಇಬ್ಬರೂ ತಲೆಯಾಡಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದಿರಿ ಅಂದರೆ, "ಅವ್ಳ ಗಂಡಂಗೂ ಇದೇ ಕಣೇ, ಪಾಪ," ಎಂದಳು. ನನಗೆ ಹಿಂದಿ ಬರುತ್ತಿತ್ತು. ಆ ಹೆಂಗಸು ಹೇಳಿದ್ದೂ ಅದನ್ನೇ.

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ಇಂಗ್ಲಿಷಿನಲ್ಲಿ ವಿವರಿಸಿದರು. ಪ್ಯಾಂಕ್ರಿಯಾಸ್ ಪೂರ್ತಿ ತೆಗೆದರೆ ನೋವು ಹೋಗುತ್ತದೆ. ಆದರೆ ಇನ್ಸುಲಿನ್ ತಯಾರಾಗುವುದೂ ಅದರಲ್ಲೇ, ತೆಗೆದರೆ ಜೀವಮಾನವಿಡೀ ಡಯಾಬಿಟಿಸ್. ಹಾಗಾಗಿ ತೆಗೆದ ಗ್ರಂಥಿಯನ್ನು ಲ್ಯಾಬಿಗೆ ಒಯ್ದು, ಕರಗಿಸಿ, ಇನ್ಸುಲಿನ್ ಮಾಡುವ ಜೀವಕೋಶಗಳನ್ನಷ್ಟೇ ಸೋಸಿ, ಅದೇ ದಿನ ಲಿವರಿಗೆ ಹೋಗುವ ರಕ್ತನಾಳದೊಳಗೆ ಬಿಡುತ್ತಾರೆ. ಅವು ಲಿವರಿನಲ್ಲಿ ನೆಲೆ ನಿಂತರೆ ಇನ್ಸುಲಿನ್ ಚುಚ್ಚಿಕೊಳ್ಳುವುದು ತಪ್ಪುತ್ತದೆ, ಇಲ್ಲವೇ ಬಹಳ ಕಡಿಮೆಯಾಗುತ್ತದೆ. ನೆಲೆ ನಿಲ್ಲದಿದ್ದರೆ ಇಲ್ಲ. ನನ್ನ ವಯಸ್ಸಿಗೆ ಇದನ್ನು ಮಾಡುವುದು ಅಪರೂಪ, ಯೋಚನೆ ಮಾಡಿ, ಎಂದರು. ಆ ಜೀವಕೋಶಗಳ ಗೊಂಚಲಿಗೆ ಇಂಗ್ಲಿಷಿನಲ್ಲಿ ಐಲೆಟ್ ಅನ್ನುತ್ತಾರೆ.

"ದ್ವೀಪ ಅಂತ ಅರ್ಥ ಅಕ್ಕ," ಎಂದೆ. "ಪುಟ್ಟ ಪುಟ್ಟ ದ್ವೀಪಗಳು."

"ಹೊಟ್ಟೆ ಒಳಗೆ ದ್ವೀಪನೇನೆ? ನೀನೊಬ್ಳು." ಅಕ್ಕ ಚಿತ್ರವನ್ನೇ ನೋಡಿದಳು. "ಅಂದ್ರೆ ಅಗೆ ಕಿತ್ತು ಬೇರೆ ಗದ್ದೇಲಿ ನೆಟ್ಟಿ ಮಾಡ್ತೀವಲ್ಲ, ಹಂಗೆ. ಸಸಿ ಹಿಡ್ಕೊಂಡ್ರೆ ಹಿಡ್ಕೊಂಡಂಗೆ. ಅಷ್ಟೇ ತಾನೇ?"

ಡಾಕ್ಟರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಎಕ್ಸಾಕ್ಟ್ಲಿ. ಟೆಲ್ ಹರ್ ಶಿ ಹ್ಯಾಸ್ ಅಂಡರ್‌ಸ್ಟುಡ್ ಇಟ್ ಬೆಟರ್ ದ್ಯಾನ್ ಮೈ ಸ್ಟೂಡೆಂಟ್ಸ್," ಎಂದರು. ಅಕ್ಕನಿಗೆ ಹೇಳಿದೆ, ಆದರೆ ಸ್ವಲ್ಪ ಕಡಿಮೆ ಮಾಡಿ. "ಸರಿಯಾಗಿದೆ ಅಂದ್ರು," ಎಂದಷ್ಟೇ.

ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಸಸಿ.

ಆಪರೇಷನ್ನು ಹತ್ತು ಗಂಟೆಗಿಂತ ಹೆಚ್ಚಾಯಿತಂತೆ. ನನಗೆ ನೆನಪಿರುವುದು ಐಸಿಯುವಿನ ಬಿಳಿ ಸೀಲಿಂಗು, ಮೂಗಿನ ನಳಿಕೆ, ಮತ್ತು ಎಡಗಡೆ ಸ್ಟ್ಯಾಂಡಿನಲ್ಲಿ ಹನಿ ಹನಿಯಾಗಿ ಔಷಧಿ ತಳ್ಳುತ್ತಿದ್ದ ಒಂದು ಪೆಟ್ಟಿಗೆ. ಲಿವರಿನ ರಕ್ತನಾಳಕ್ಕೆ ಹೊಸ ಕೋಶಗಳನ್ನು ಬಿಟ್ಟಾಗ ಅಲ್ಲಿ ರಕ್ತ ಗಟ್ಟಿಯಾಗಿ ದಾರಿ ಕಟ್ಟಿಕೊಳ್ಳುವ ಭಯ ಇರುತ್ತದೆ. ದಾರಿ ಕಟ್ಟಿದರೆ ಸಸಿಗೆ ನೀರಿಲ್ಲ. ಅದಕ್ಕೆ ಆ ಔಷಧಿ. ರೌಂಡ್ಸಿಗೆ ಬಂದ ಡಾಕ್ಟರು ನನಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದರು. ನಾನು ಅರ್ಥ ಮಾಡಿಕೊಂಡಿದ್ದೆ.

ಎರಡನೇ ದಿನ ಅಕ್ಕನನ್ನು ಐದು ನಿಮಿಷ ಒಳಗೆ ಬಿಟ್ಟರು. ಅವಳು ಕಣ್ಣಿನಲ್ಲೇ ಪ್ರತಿಯೊಂದು ನಳಿಕೆಯನ್ನೂ ಹಿಂಬಾಲಿಸಿ ಪೆಟ್ಟಿಗೆಯ ಹತ್ತಿರ ನಿಂತಳು. "ಇದು ಎಂಥದೇ?"

"ಬ್ಲಡ್ ಥಿನ್ನರ್," ಎಂದೆ. ಬಾಯಿ ಒಣಗಿತ್ತು. "ರಕ್ತ ತೆಳು ಮಾಡೋ ಔಷಧಿ."

ಅಷ್ಟೇ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಅನುವಾದ ಅದು.

ಮಾರನೆಯ ದಿನ ಹೊಟ್ಟೆಯ ಪಕ್ಕಕ್ಕೆ ಹಾಕಿದ್ದ ಚೀಲದಲ್ಲಿ ರಕ್ತ ಬಂತು. ಹಿಮೋಗ್ಲೋಬಿನ್ ಇಳಿಯಿತು. ಪೆಟ್ಟಿಗೆಯನ್ನು ಅರ್ಧ ದಿನ ನಿಧಾನ ಮಾಡಿ, ಎರಡು ಬಾಟಲಿ ರಕ್ತ ಕೊಟ್ಟು, ಆಮೇಲೆ ಮತ್ತೆ ಮೊದಲಿನಂತೆ ಹಾಕಿದರು. ಅಕ್ಕ ಗಾಜಿನ ಬಾಗಿಲಿನಾಚೆ ನಿಂತು ಎಲ್ಲ ನೋಡಿದಳು. ವಾರ್ಡಿಗೆ ಬಂದ ಮೇಲೆ ಕೇಳಿದಳು.

"ಒಂದು ಕೈಲಿ ರಕ್ತ ಇಲ್ಲ ಅಂತ ಹಾಕ್ತಾರೆ, ಇನ್ನೊಂದು ಕೈಲಿ ಇದ್ದಿದ್ನ ತೆಳು ಮಾಡ್ತಾರೆ. ಇದೆಂಥ ಲೆಕ್ಕ ಮಾರಾಯ್ತಿ ಇವ್ರದ್ದು?"

ನನಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯುತ್ತಿತ್ತು. "ಅಕ್ಕಾ, ಪ್ಲೀಸ್. ಅವ್ರಿಗೆ ಗೊತ್ತಿರುತ್ತೆ."

"ಹೌದು, ಅವ್ರಿಗೆ ಗೊತ್ತಿರುತ್ತೆ," ಎಂದು ನನ್ನ ಹೊದಿಕೆ ಸರಿಮಾಡಿದಳು.

ನಮ್ಮ ಕಡೆ ಹೆಣ್ಣುಮಕ್ಕಳು ಬಿಳುಚಿಕೊಂಡು ತಲೆ ತಿರುಗಿ ಬಿದ್ದರೆ ರಕ್ತ ತೆಳುವಾಗಿದೆ ಅನ್ನುತ್ತಾರೆ. ರಕ್ತ ನೀರಾಗಿದೆ ಅಂತಲೂ ಅನ್ನುತ್ತಾರೆ. ನಮ್ಮಮ್ಮ ಹಾಗೇ ನೀರಾಗಿ ನೀರಾಗಿ ಸತ್ತಳು ಎಂದು ಅಕ್ಕ ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದಳು. ಅಮ್ಮ ಸಾಯುವಾಗ ಹತ್ತಿರ ಇದ್ದವಳು ಅವಳು. ನಾನು ಹಾಸ್ಟೆಲಿನಲ್ಲಿದ್ದೆ. ತೆಳು ಎಂಬ ಪದದ ಒಳಗೆ ಅಕ್ಕನಿಗೆ ಕಾಣುತ್ತಿದ್ದದ್ದು ಏನು ಎಂದು ನಾನು ಆವತ್ತು ಒಂದು ಕ್ಷಣ ನಿಂತು ನೋಡಬಹುದಿತ್ತು.

ಇಪ್ಪತ್ತೆರಡನೇ ದಿನ ಕೊಪ್ಪಕ್ಕೆ ಬಂದೆವು. ಅದೇ ಔಷಧಿಯ ಇನ್ನೊಂದು ರೂಪವನ್ನು ಬೆಳಿಗ್ಗೆ ಒಂದು, ಸಂಜೆ ಒಂದು, ಇನ್ನೂ ಆರು ವಾರ ಹೊಟ್ಟೆಗೆ ಚುಚ್ಚಬೇಕಿತ್ತು. ಜೊತೆಗೆ ಇನ್ಸುಲಿನ್. ಸಸಿ ಬೇರೂರುವವರೆಗೆ ಅದಕ್ಕೆ ಕೆಲಸ ಕೊಡಬಾರದು, ಸಕ್ಕರೆಯನ್ನು ಹೊರಗಿನ ಇನ್ಸುಲಿನ್ನೇ ನೋಡಿಕೊಳ್ಳಬೇಕು.

ನಮ್ಮ ಮನೆಯವರು ಕೆಲಸದಲ್ಲಿದ್ದಾಗ ಕರೆಂಟಿನ ಕಂಬ ಹತ್ತುತ್ತಿದ್ದ ಮನುಷ್ಯ. ಗಾಳಿಗೆ ತೂಗುವ ಕಂಬದ ತುದಿಯಲ್ಲಿ ಬೀಡಿ ಹಚ್ಚುತ್ತಿದ್ದವರು. ಸೂಜಿ ಕಂಡರೆ ಮಾತ್ರ ಕುಸಿಯುತ್ತಾರೆ. ನರ್ಸ್ ತರಬೇತಿ ಕೊಡುವಾಗಲೇ ಗೋಡೆ ಹಿಡಿದುಕೊಂಡು ಕೂತುಬಿಟ್ಟಿದ್ದರು.

"ಎಂಥ ಗಂಡಸು ಮಹೇಶಪ್ಪ ನೀವು," ಎಂದು ಅಕ್ಕ ಅವರ ಮುಖಕ್ಕೆ ನೀರು ಚಿಮುಕಿಸಿ ತಾನೇ ಸಿರಿಂಜು ಹಿಡಿದಿದ್ದಳು.

"ಕಂಬಕ್ಕೆ ಚರ್ಮ ಇಲ್ವಲ್ಲ ನೀಲಕ್ಕ," ಎಂದಿದ್ದರು ಇವರು.

ಅಕ್ಕನ ಕೈ ನರ್ಸಿಗಿಂತ ಹಗುರ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಹ್ಞೂಂ, ಮೂಗಲ್ಲಿ ಉಸ್ರು ತಗೋ," ಎನ್ನುವಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ಟಕ್. ಒಂದು ದಿನವೂ ಹೊತ್ತು ಮೀರಲಿಲ್ಲ. ಆದರೆ ಚುಚ್ಚಿದ ಕಡೆಯೆಲ್ಲ ನೀಲಿ ಕಲೆ ಏಳುತ್ತಿತ್ತು. ಸ್ನಾನ ಮಾಡಿಸುವಾಗ ಅಕ್ಕ ಆ ಕಲೆಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತಿದ್ದಳು.

ಎರಡನೇ ವಾರದ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಮೂಗಿನಿಂದ ರಕ್ತ ಬಂತು. ಒಂದು ಟವೆಲ್ ನೆನೆಯಿತು, ಆಮೇಲೆ ತಾನಾಗಿ ನಿಂತಿತು. ಡಾಕ್ಟರಿಗೆ ಫೋನ್ ಮಾಡಿದೆ. ಸ್ವಲ್ಪ ಬರಬಹುದು, ಮುಂದುವರಿಸಿ, ಎಂದರು. "ಮುಂದುವರಿಸಿ ಅಂದ್ರು," ಎಂದು ಅಕ್ಕನಿಗೆ ಹೇಳಿದೆ. ಅವಳು ಟವೆಲನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಬಹಳ ಹೊತ್ತು ಉಜ್ಜಿದಳು. ನಾನು ಮಲಗಿದ್ದ ಕೋಣೆಯಿಂದ ಆ ಉಜ್ಜುವ ಶಬ್ದ ಕೇಳುತ್ತಿತ್ತು.

ಅದಾದ ಮೇಲೆ ಟಕ್ ಹಿತ್ತಿಲಿಗೆ ಹೋಯಿತು. ಅಕ್ಕ ಚುಚ್ಚುತ್ತಿದ್ದಳು, ಹತ್ತಿ ಒತ್ತಿ, "ಮಲಕ್ಕೋ," ಎಂದು ಸಿರಿಂಜು ಹಿಡಿದು ಹೊರಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಟಕ್. ಮನೆಯೊಳಗೆ ಸೂಜಿ ಇಡಬಾರದು ಎಂದು ಅವಳು ಮಾಡಿಕೊಂಡ ಮಡಿ ಇರಬೇಕು ಅಂದುಕೊಂಡೆ.

ಆ ದಿನಗಳು ಸುಖದ ದಿನಗಳಾಗಿದ್ದವು. ನಲವತ್ತೈದು ವರ್ಷದ ನೋವು ಇಲ್ಲವಾಗಿತ್ತು. ಅಕ್ಕ ಮಾಡಿದ ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ತಿಂದು, ಅರ್ಧ ಗಂಟೆ ಕಳೆದು, ಒಂದು ಗಂಟೆ ಕಳೆದು, ನೋವು ಬರಲಿಲ್ಲವಲ್ಲ ಎಂದು ಕಾಯುತ್ತ ಕೂರುತ್ತಿದ್ದೆ. ಅಕ್ಕನ ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಒಂದು ಮಧ್ಯಾಹ್ನ ಎನ್.ಆರ್.ಪುರಕ್ಕೆ ಹೋಗಿ ಬರುವಾಗ ಸಣ್ಣ ಡಬ್ಬಿಯಲ್ಲಿ ತನ್ನ ಮನೆಯ ಹೆಪ್ಪು ತಂದಿದ್ದಳು. ನಿಮ್ಮನೆ ಹೆಪ್ಪು ಹುಳಿ, ಅದರಲ್ಲಿ ಮೊಸರು ಕೂರಲ್ಲ ಎಂದು ಹಂಗಿಸುತ್ತಿದ್ದಳು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಸಂಖ್ಯೆ ಚೆನ್ನಾಗಿ ಬರುತ್ತಿತ್ತು. ಇನ್ಸುಲಿನ್ ಇಳಿಸುತ್ತ ಹೋದೆವು.

"ಸಸಿ ಹಿಡ್ಕೊಂಡ್ತಾ?" ದಿನಾ ಬೆಳಿಗ್ಗೆ ಅಕ್ಕನ ಪ್ರಶ್ನೆ.

"ಹಿಡ್ಕೊಳ್ತಾ ಇದೆ ಅಕ್ಕ."

ಐದನೇ ವಾರ ಸಕ್ಕರೆ ಏರತೊಡಗಿತು. ಇನ್ಸುಲಿನ್ ಹೆಚ್ಚಿಸಿದರೂ ಇಳಿಯಲಿಲ್ಲ. ಬಲ ಪಕ್ಕೆಯಲ್ಲಿ ಭಾರ. ಮತ್ತೆ ಆ ಊರು, ಮತ್ತೆ ಆ ಸ್ಟೀಲ್ ಕುರ್ಚಿ. ಸ್ಕ್ಯಾನ್ ಮಾಡುವ ಹುಡುಗಿ ಮೊದಲು ನನ್ನ ಜೊತೆ ಮಾತಾಡುತ್ತಿದ್ದವಳು ಒಂದು ಹಂತದಲ್ಲಿ ಮಾತು ನಿಲ್ಲಿಸಿದಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದಳು. ಕಾಯಿಲೆಯವರಿಗೆ ಆ ಮೌನ ಗೊತ್ತಿರುತ್ತದೆ. ಅದನ್ನು ಯಾವ ಭಾಷೆಗೂ ತರ್ಜುಮೆ ಮಾಡಬೇಕಾಗಿಲ್ಲ.

ಲಿವರಿನ ರಕ್ತನಾಳದ ಒಂದು ಕವಲು ಕಟ್ಟಿಕೊಂಡಿತ್ತು.

ಡಾಕ್ಟರು ಫೈಲಿನಿಂದ ತಲೆಯೆತ್ತಿ ಕೇಳಿದರು, ಇಂಜೆಕ್ಷನ್ ಯಾವತ್ತಾದರೂ ತಪ್ಪಿತ್ತಾ ಎಂದು. ನಾನು ನೆಟ್ಟಗೆ ಕೂತು ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಹೇಳಿದೆ: "ನಾಟ್ ವನ್ಸ್, ಡಾಕ್ಟರ್. ಮೈ ಸಿಸ್ಟರ್ ಈಸ್ ಮೋರ್ ಪಂಕ್ಚುಯಲ್ ದ್ಯಾನ್ ಯುವರ್ ನರ್ಸಸ್." ಅವರು ನಕ್ಕರು.

"ಎಂಥ ಕೇಳಿದ್ರು?" ಎಂದಳು ಅಕ್ಕ.

"ಇಂಜೆಕ್ಷನ್ ತಪ್ಪಿಸಿದ್ರಾ ಅಂದ್ರು. ನೀನು ನರ್ಸಿಗಿಂತ ಕರೆಕ್ಟು ಅಂತ ಹೇಳ್ದೆ."

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎಸಿಯ ಚಳಿಗೆ ಎಂದುಕೊಂಡೆ.

ಐದು ದಿನ ಅಲ್ಲೇ ಇಟ್ಟುಕೊಂಡು ಔಷಧಿಯ ಪ್ರಮಾಣ ಬದಲಿಸಿ ಕಳಿಸಿದರು. ಹಿಂದಿರುಗುವಾಗ ಕಾರು ಬಾಳೆಹೊನ್ನೂರು ದಾಟಿ ಜಯಪುರಕ್ಕೆ ಬಂದಾಗ ಇವರು ಚಾ ಕುಡಿಯೋಣ ಎಂದು ನಿಲ್ಲಿಸಿದರು. ಸಂತೆಯ ದಿನವಿರಬೇಕು, ಬಸ್ಸುಗಳ ಹಾರ್ನು, ಜನ. ನಾನು ಬಾಗಿಲು ತೆರೆದು ಕಾಲು ಹೊರಗೆ ಹಾಕಿ ಕೂತಿದ್ದೆ. ಅಕ್ಕ ಚಾದ ಲೋಟ ಹಿಡಿದು ನನ್ನೆದುರು ನಿಂತಳು. ಕುಡಿಯಲಿಲ್ಲ.

"ಸುಮೀ, ಡಾಕ್ಟ್ರು ಕೇಳಿದ್ದು ಆ ಟಕ್ ಇಂಜೆಕ್ಷನ್ ವಿಷ್ಯನೇನಾ?"

"ಹೌದಲ್ಲ. ಯಾಕೆ?"

"ತಪ್ಪಿಸ್ಲಿಲ್ಲ ನಾನು. ಒಂದಿನಾನೂ ತಪ್ಪಿಸ್ಲಿಲ್ಲ." ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅರ್ಧ ಹಾಕ್ತಿದ್ದೆ ಕಣೇ."

"ಎಂಥ ಅರ್ಧ?"

"ಅರ್ಧ ನಿಂಗೆ. ಅರ್ಧ ಹಿತ್ಲು ಕರಿಬೇವಿನ ಬುಡಕ್ಕೆ. ಮೂಗಲ್ಲಿ ರಕ್ತ ಬಂತಲ್ಲ, ಆವತ್ತಿಂದ. ರಕ್ತ ಇಲ್ಲ ಅಂತ ಬಾಟ್ಲಿ ಬಾಟ್ಲಿ ಹಾಕಿದ್ರು, ಇದ್ದಿದ್ನ ಇದು ತೆಳು ಮಾಡುತ್ತೆ ಅಂತ ನೀನೇ ಅಂದೆ. ಅಮ್ಮನ ಹಂಗೇ ಬಿಳುಚ್ಕೊಂಡಿದ್ದೆ ನೀನು. ಪೂರ್ತಿ ಹಾಕಿದ್ರೆ ಉಳಿಯಲ್ಲ ಅನ್ನುಸ್ತು. ಪೂರ್ತಿ ಬಿಟ್ರೆ ಡಾಕ್ಟ್ರ ಮಾತು ಮೀರ್ದಂಗೆ. ಅದುಕ್ಕೆ ಅರ್ಧ ಮಾಡ್ದೆ."

ನಾನು ಅವಳ ಕಡೆ ನೋಡಲಿಲ್ಲ. ಚಾ ತೆಗೆದುಕೊಂಡು ಬರುತ್ತಿದ್ದ ಗಂಡನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: "ಶಿ ಹ್ಯಾಸ್ ಮರ್ಡರ್ಡ್ ದೆಮ್."

ಅವರು ನಿಂತಲ್ಲೇ ನಿಂತರು. ಸಸಿಗಳನ್ನು ಕೊಂದುಬಿಟ್ಟಳು ಎಂದು ತಿಳಿಯುವಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು.

"ಎಂಥ ಅಂದ್ಲು?" ಎಂದಳು ಅಕ್ಕ.

"ಸುಸ್ತಾಗಿದೆ ಅಂತಾಳೆ ನೀಲಕ್ಕ," ಎಂದರು ಇವರು. "ಹತ್ತಿ, ಹೊರಡಾಣ."

ಅಕ್ಕ ನಾಲ್ಕು ದಿನ ಇದ್ದಳು. ಇಂಜೆಕ್ಷನ್ನು ನಾನೇ ಹಾಕಿಕೊಂಡೆ. ಅವಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಪ್ರತಿ ಸಲ ಟಕ್ ಅನ್ನಿಸಿ ಖಾಲಿ ಸಿರಿಂಜನ್ನು ಅವಳಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡುತ್ತಿದ್ದೆ. ಐದನೇ ದಿನ ಅವಳು ಎನ್.ಆರ್.ಪುರದ ಬಸ್ಸು ಹತ್ತಿದಳು. "ಆಗಾಗ ಬರ್ತಾ ಇರಿ ಅಕ್ಕ," ಎಂದೆ. ಹುಟ್ಟಿದಾಗಿನಿಂದ ನೀನು, ಬಾರೇ, ಹೋಗೇ ಎಂದವಳು ನಾನು. ಅವಳನ್ನು ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದೆ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬಹುವಚನವನ್ನು ಹೇಗೆ ತಡೆದುಕೊಂಡಳೋ.

ಸಸಿ ಹಿಡಿಯಲಿಲ್ಲ. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ನನ್ನ ದೇಹ ತಾನಾಗಿ ಇನ್ಸುಲಿನ್ ಮಾಡುತ್ತಿಲ್ಲ ಎಂದೇ ಬಂತು. ಆವತ್ತು ನಾನು ಡಾಕ್ಟರಿಗೆ ಅರ್ಧ ಡೋಸಿನ ವಿಷಯ ಹೇಳಿದೆ. ದೂರು ಹೇಳುವವಳ ಹಾಗೆ ಹೇಳಿದೆ. ಅವರು ಹಳೆಯ ಸ್ಕ್ಯಾನನ್ನು ಇನ್ನೊಮ್ಮೆ ತೆಗೆದು ನೋಡಿ, ಅದರಿಂದಲೇ ಹೀಗಾಯಿತು ಎಂದು ಹೇಳಲು ಬರುವುದಿಲ್ಲ ಎಂದರು. ಒಂದು ಡೋಸೂ ಬಿಡದವರಿಗೂ ರಕ್ತನಾಳ ಕಟ್ಟಿದ್ದನ್ನು ನೋಡಿದ್ದೇನೆ. ನಿಮ್ಮ ಗ್ರಂಥಿಯ ತುಂಬ ಕಲ್ಲು, ಸಿಕ್ಕ ಕೋಶಗಳೇ ಕಡಿಮೆ, ವಯಸ್ಸೂ ಇತ್ತು. "ಡೋಂಟ್ ಪುಟ್ ಇಟ್ ಆನ್ ಯುವರ್ ಸಿಸ್ಟರ್," ಎಂದರು.

ಹೊರಗೆ ಬಂದಾಗ ನಮ್ಮ ಮನೆಯವರು ಕೇಳಿದರು, "ಎಂಥ ಅಂದ್ರು?"

"ಇನ್ಸುಲಿನ್ ಕಂಟಿನ್ಯೂ ಮಾಡಿ ಅಂದ್ರು," ಎಂದೆ.

ಇಡೀ ತಾಲೂಕಿನ ಕಾಗದಗಳನ್ನು ಕನ್ನಡ ಮಾಡಿ ಹೇಳಿದವಳು ಆ ಒಂದು ವಾಕ್ಯವನ್ನು ಮಾಡಲಿಲ್ಲ. ಅಕ್ಕನ ತಪ್ಪು ನನಗೆ ಬೇಕಾಗಿತ್ತು. ತಪ್ಪು ಯಾರದೂ ಅಲ್ಲ ಎಂದಾದರೆ ಕಳೆದುಕೊಂಡದ್ದನ್ನು ಎಲ್ಲಿ ಇಡುವುದು, ಯಾರ ಮುಖ ನೋಡಿಕೊಂಡು ಅಳುವುದು?

ಈಗ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತೇನೆ. ಪ್ರತಿ ತುತ್ತಿಗೂ ಮೊದಲು ಜೀರ್ಣದ ಕ್ಯಾಪ್ಸೂಲು. ಪ್ಯಾಂಕ್ರಿಯಾಸ್ ಇಲ್ಲದವರ ಸಕ್ಕರೆ ಉಳಿದ ಡಯಾಬಿಟಿಸಿನವರ ಹಾಗಲ್ಲ. ಹೇಳದೆ ಕೇಳದೆ ಇಳಿಯುತ್ತದೆ. ಕೊಪ್ಪದ ಪೇಟೆಯಲ್ಲಿ ಎರಡು ಸಲ ಬಿದ್ದಿದ್ದೇನೆ. ಒಮ್ಮೆ ಪ್ರಜ್ಞೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಯಿಗೆ ಬೆಲ್ಲ ಇಡುತ್ತಿದ್ದ. ಊರಿನವರು ಪಾಪ ಒಳ್ಳೆಯವರು. ಆದರೆ ಎಲ್ಲಿಗೂ ಒಬ್ಬಳೇ ಹೋಗಲಾರೆ, ಬಾಗಿಲು ಹಾಕಿ ಸ್ನಾನ ಮಾಡಲಾರೆ. ನೋವು ಹೋಯಿತಲ್ಲ ಎನ್ನುತ್ತಾರೆ. ಹೌದು, ಹೋಯಿತು. ನನಗೆ ಪರಿಚಯವಿದ್ದದ್ದು ಅದೊಂದೇ. ಅದರ ಜಾಗಕ್ಕೆ ಬಂದಿರುವುದಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ.

ಮೂರು ವರ್ಷದ ಹಿಂದೆ ಬೇಗಾರಿನಿಂದ ನನ್ನ ಹಳೆಯ ವಿದ್ಯಾರ್ಥಿನಿ ಬಂದಿದ್ದಳು. ಅತ್ತೆಗೆ ಕಾಲಿನ ರಕ್ತನಾಳ ಕಟ್ಟಿ ಮಾತ್ರೆ ಕೊಟ್ಟಿದ್ದರು. ಅದೇ ಜಾತಿಯ ಮಾತ್ರೆ. ಕಾಗದವನ್ನು ಎರಡು ಸಲ ಓದಿದೆ. ತೆಳು ಎಂಬ ಪದ ನಾಲಿಗೆಗೆ ಬಂತು, ನುಂಗಿಕೊಂಡೆ. ತಡೆದು ತಡೆದು, "ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಮಾತ್ರೆ," ಎಂದೆ.

"ಓ, ಹಾಲು ಹಾಲಾಗೇ ಇರ್ಬೇಕು, ಮೊಸರಾಗ್ಬಾರ್ದು ಅಂತ," ಎಂದಳು ಅವಳು ತಕ್ಷಣ. "ಹಂಗಾರೆ ಒಂದಿನಾನೂ ಬಿಡಂಗಿಲ್ಲ ಅನ್ನಿ ಟೀಚರ್. ಒಂದು ಹನಿ ಹೆಪ್ಪು ಬಿದ್ರೂ ಕೂತ್ಕೊಂಡ್ಬಿಡುತ್ತಲ್ಲ."

ಅವಳು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು ನಿಂತೆ. ದಿನಾ ಹೆಪ್ಪು ಹಾಕುತ್ತಿದ್ದ ಹೆಂಗಸಿಗೆ ನಾನು ಹೆಪ್ಪು ಎಂಬ ಪದ ಹೇಳಲಿಲ್ಲ. ಅವಳಿಗೆ ಅರೆಕ್ಷಣ ಸಾಕಾಗುತ್ತಿತ್ತು. ಐಲೆಟ್ಟಿಗೆ ಸಸಿ ಎಂದವಳು, ಇದಕ್ಕೂ ತಾನೇ ಪದ ಹುಡುಕುತ್ತಿದ್ದಳು, ನಾನು ಇಂಗ್ಲಿಷಿನ ಥಿನ್ನರನ್ನು ಹಾಗೇ ಎತ್ತಿ ಅವಳ ಕೈಗೆ ಹಾಕದೇ ಇದ್ದಿದ್ದರೆ. ಮನೆಯಲ್ಲಿ ಯಾರಿಗಾದರೂ ಇಂಥ ಔಷಧಿ ನಡೆಯುತ್ತಿದ್ದರೆ, ಅದನ್ನು ಹಾಕುವ ಕೈ ಯಾರದೋ ಅವರ ಮಾತಿನಲ್ಲಿ ಅದನ್ನು ಹೇಳಿ. ನನ್ನಿಂದ ಬೇರೆ ಬುದ್ಧಿಮಾತು ಹೊರಡುವುದಿಲ್ಲ.

ಅಕ್ಕನಿಗೆ ಹೇಳಬೇಕು ಎಂದು ಆವತ್ತೇ ತೀರ್ಮಾನಿಸಿದೆ. ತಪ್ಪು ಪದ ಕೊಟ್ಟವಳು ನಾನು ಎಂದು. ಡಾಕ್ಟರು ಅಂದದ್ದು ಹೀಗೆ ಎಂದು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಮುಂದಿನ ತಿಂಗಳು ಎನ್.ಆರ್.ಪುರಕ್ಕೆ ಹೋದೆವು. ಅಕ್ಕ ಸಣ್ಣಗಾಗಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ಇಡೀ ದಿನ ಅವಳ ಮನೆಯಲ್ಲಿ ಯಾರಾದರೂ ಬರುತ್ತಲೇ ಇದ್ದರು. ಊಟಕ್ಕೆ ಕೂತಾಗ ನಾನು ಎಷ್ಟು ಅನ್ನ ತಿನ್ನಬಹುದು ಎಂದು ಕೇಳಲಿಲ್ಲ, ಅಳತೆ ಅವಳಿಗೆ ಗೊತ್ತಿತ್ತು. ಹೊರಡುವಾಗ ಸಣ್ಣ ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಹೆಪ್ಪು. ನಿಮ್ಮನೇದು ಈಗ್ಲೂ ಹುಳಿನೇ ಇರ್ಬೇಕು."

ಬಸ್‌ಸ್ಟಾಪಿನವರೆಗೆ ಬಂದಳು. ಇವರು ಸ್ವಲ್ಪ ಮುಂದೆ ನಡೆಯುತ್ತಿದ್ದರು. ಈಗ ಹೇಳಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಸುಮೀ, ಆವತ್ತು ಜಯಪುರದಲ್ಲಿ ನೀನು ಇಂಗ್ಲಿಷಲ್ಲಿ ಎಂಥ ಅಂದೆ?"

ಆರು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು.

"ಸುಸ್ತಾಗಿದೆ ಅಂದೆ," ಎಂದೆ.

"ಅಷ್ಟೇನಾ?" ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. "ಅಷ್ಟು ಹೇಳಕ್ಕೆ ಇಂಗ್ಲಿಷ್ ಯಾಕೆ ಬೇಕಾಗಿತ್ತೇ?"

ಬಸ್ಸು ಬಂತು. ಇನ್ನೊಂದು ಸಲ ಬಂದಾಗ ಹೇಳೋಣ ಎಂದುಕೊಂಡೆ. "ಬಿಸಿಲಿದೆ, ಒಳಗೆ ಹೋಗಿ ಅಕ್ಕ," ಎಂದೆ. ಹೋಗೇ ಅನ್ನಬೇಕು ಎಂದುಕೊಂಡೇ ಬಾಯಿ ತೆರೆದದ್ದು, ಹೋಗಿ ಎಂದೇ ಬಂತು.

ಕಿಟಕಿಯ ಪಕ್ಕ ಕೂತೆ. ಅಕ್ಕ ಹೋಗಿರಲಿಲ್ಲ. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲವೆಂದು, ಕೆಳಗಿನಿಂದ ಕೈಸನ್ನೆ ಮಾಡಿ ಕೇಳಿದಳು. ಎಡಗೈಯ ಎರಡು ಬೆರಳಲ್ಲಿ ತನ್ನ ಸೀರೆಯ ಮೇಲೆ ಹೊಟ್ಟೆಯನ್ನು ಹಿಡಿದು, ಬಲಗೈಯ ಹೆಬ್ಬೆರಳನ್ನು ಪೂರ್ತಿ, ಕೊನೆಯವರೆಗೆ ಒತ್ತಿ ತೋರಿಸಿದಳು. ಹಾಕ್ಕೊಂಡ್ಯಾ?

ಮಧ್ಯಾಹ್ನದ ಇನ್ಸುಲಿನ್ನನ್ನು ಗಡಿಬಿಡಿಯಲ್ಲಿ ಮರೆತಿದ್ದೆ. ಹಾಕಿಕೊಂಡೆ ಎಂದು ತಲೆಯಾಡಿಸಿದೆ. ಅಕ್ಕನೂ ತಲೆಯಾಡಿಸಿದಳು. ಬಸ್ಸು ತಿರುಗಿತು. ಅವಳ ಹೆಬ್ಬೆರಳು ಇನ್ನೂ ಒತ್ತಿಯೇ ಇತ್ತು.